ಕಿಡ್ನಿ ಕೊಡುವ ಮುಂಚೆ ಜೀನ್ ಪರೀಕ್ಷೆ: ಫಲಿತಾಂಶ ಯಾರದು?

ಘಟಪ್ರಭೆಯ ಮಗಳು (ಊರು ಮುಧೋಳ, ಸದ್ಯ ಬೆಳಗಾವಿ)

ಹೆಸರು ಹೇಳದೆ ಬರೆಯುತ್ತಿದ್ದೇನೆ. ಗುರುತು ಸಿಕ್ಕವರು ದಯವಿಟ್ಟು ಸುಮ್ಮನಿರಿ.

ಅವ್ವನಿಗೆ 44 ವರ್ಷ. ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳು. ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ. ಡಯಾಲಿಸಿಸ್ ಶುರುವಾಗಿದೆ. ಅವ್ವನ ತಾಯಿ, ಅಂದರೆ ನನ್ನ ಅಜ್ಜಿಯೂ ಇದರಿಂದಲೇ ಹೋದರೆಂದು ಈಗ ತಿಳಿಯುತ್ತಿದೆ. ಆಗ ಊರಿನಲ್ಲಿ ‘ಬಿ.ಪಿ. ಏರಿ ಹೋದಳು’ ಎಂದಷ್ಟೇ ಆಡಿಕೊಂಡಿದ್ದರು. ನನ್ನ ಅಪ್ಪ ಆ ಅಜ್ಜಿಯ ಖಾಸಾ ತಮ್ಮ. ಅಕ್ಕನ ಮಗಳನ್ನೇ ಮದುವೆಯಾದವರು. ನಮ್ಮ ಕಡೆ ಇದು ಹೊಸದೇನಲ್ಲ. ಆದರೆ ಆಸ್ಪತ್ರೆಯ ಆಪ್ತಸಮಾಲೋಚಕಿ ಇದನ್ನು ಕೇಳಿದವರೇ ಬರೆಯುತ್ತಿದ್ದ ಹಾಳೆಯನ್ನು ಬದಿಗಿಟ್ಟರು. ಹೊಸ ಹಾಳೆಯಲ್ಲಿ ವಂಶವೃಕ್ಷವನ್ನು ಮೊದಲಿನಿಂದ ಬರೆದು, ಅಪ್ಪ ಅವ್ವನ ನಡುವೆ ಒಂದರ ಬದಲು ಎರಡು ಗೆರೆ ಎಳೆದರು.

ಅಪ್ಪ ಕಿಡ್ನಿ ಕೊಡಲು ತುದಿಗಾಲಲ್ಲಿ ನಿಂತಿದ್ದಾರೆ. ವಯಸ್ಸು 53, ರಕ್ತದ ಗುಂಪು ಬಿ. ಅವ್ವನದು ಓ, ಹೊಂದುವುದಿಲ್ಲ. ನನ್ನದು ಓ, ವಯಸ್ಸು 23. ಆದರೆ ಸ್ಕ್ಯಾನಿಂಗ್‌ನಲ್ಲಿ ನನ್ನ ಎಡ ಕಿಡ್ನಿಯಲ್ಲಿ ಎರಡು ಸಣ್ಣ ಗುಳ್ಳೆ ಕಂಡಿವೆ. ‘ಕಾಯಿಲೆ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಜೀನ್ ಪರೀಕ್ಷೆ ಮಾಡಿಸಿ’ ಎಂದಿದ್ದಾರೆ ವೈದ್ಯರು.

ಅಂದಿನಿಂದ ಮನೆ ಮನೆಯಾಗಿ ಉಳಿದಿಲ್ಲ. ಸೋದರಮಾವನ ಮಗನೊಂದಿಗೆ ನನ್ನ ಮದುವೆಯ ಮಾತು ನಡೆದಿದೆ. ಪರೀಕ್ಷೆಯಲ್ಲಿ ಏನಾದರೂ ಬಂದರೆ ಕಾಯಿಲೆಯ ಹುಡುಗಿ ಎಂದು ಮದುವೆ ಮುರಿಯುತ್ತದೆ, ಏನೂ ಬರದಿದ್ದರೆ ಒಂದೇ ಕಿಡ್ನಿಯ ಹುಡುಗಿ ಎಂದು ಮುರಿಯುತ್ತದೆ ಎನ್ನುವುದು ದೊಡ್ಡಪ್ಪನ ಲೆಕ್ಕ. ಆ ಸೋದರಮಾವ ಅವ್ವನ ಸ್ವಂತ ಅಣ್ಣ, ಓ ಗುಂಪಿನವರೇ. ಸ್ಕ್ಯಾನಿಂಗ್ ಎಂದರೆ ಸಾಕು, ಹೊಲದಲ್ಲಿ ಕೆಲಸವಿದೆ ಎನ್ನುತ್ತಾರೆ. ಅವ್ವನಂತೂ ‘ನಿನ್ನ ಕಿಡ್ನಿ ನನಗೆ ಬೇಡವೇ ಬೇಡ’ ಎಂದು ಅಳುತ್ತಾಳೆ.

ಕೇಳಬೇಕಾದದ್ದು ಇಷ್ಟು. ನಾನು ಈ ಪರೀಕ್ಷೆ ಮಾಡಿಸಿಕೊಳ್ಳಲೇಬೇಕೇ? ಕೆಟ್ಟ ಫಲಿತಾಂಶ ಬಂದರೆ ಯಾರಿಗೆಲ್ಲ ಹೇಳಬೇಕು? ಹೇಳದಿದ್ದರೆ ತಪ್ಪೇ?

ವಿಜಯಪುರ ಸಿಸ್ಟರ್ (ಡಯಾಲಿಸಿಸ್ ಘಟಕದಲ್ಲಿ ಶುಶ್ರೂಷಕಿ)

ತಂಗೀ, ಮೊದಲು ನಿನ್ನ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಹೆಂಡತಿ ಗಂಡನಿಗೆ, ತಾಯಿ ಮಗನಿಗೆ, ಅಕ್ಕ ತಮ್ಮನಿಗೆ ಕೊಡುವುದನ್ನು ನೋಡಿ ನೋಡಿ ನಮಗೆ ರೂಢಿಯಾಗಿಬಿಟ್ಟಿದೆ. ಈ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಹೆಂಡತಿಗಾಗಿ ಮುಂದೆ ಬಂದ ಗಂಡಸು ನಮ್ಮ ಘಟಕದಲ್ಲಿ ಕಂಡರೆ ಪಕ್ಕದ ಹಾಸಿಗೆಯವರೂ ತಿರುಗಿ ನೋಡುತ್ತಾರೆ.

ಎರಡನೆಯದು, ನಿನಗೆ ತಿಳಿದಿರಲೇಬೇಕಾದದ್ದು. 2014ರ ಅಂಗಾಂಗ ಕಸಿ ನಿಯಮಗಳಲ್ಲಿ ದಾನಿ ಹೆಣ್ಣಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಗುರುತನ್ನೂ ಸ್ವತಂತ್ರ ಒಪ್ಪಿಗೆಯನ್ನೂ ರೋಗಿಯನ್ನು ಬಿಟ್ಟು ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು ಎಂದಿದೆ. ಅದನ್ನು ಕೇಳಿ ಪಡೆ. ದೊಡ್ಡಪ್ಪನೂ ಇಲ್ಲದ, ಅಪ್ಪನೂ ಇಲ್ಲದ ಕೋಣೆಯಲ್ಲಿ ಕುಳಿತು ಮಾತನಾಡು. ‘ಕೊಡುತ್ತೇನೆ’ ಎನ್ನುವುದಕ್ಕೂ ‘ಕೊಡುವುದಿಲ್ಲ’ ಎನ್ನುವುದಕ್ಕೂ ಆ ಕೋಣೆ ಬೇಕು.

ಅಥಣಿ ಮಾಸ್ತರ

ನನಗೆ ಎಪ್ಪತ್ತು ದಾಟಿದೆ. 1998ರಲ್ಲಿ ನನ್ನ ತಮ್ಮನಿಗೆ ಕಿಡ್ನಿ ಕೊಟ್ಟಿದ್ದೇನೆ. ರಕ್ತ ನೋಡಿದರು, ಎಕ್ಸ್‌ರೇ ತೆಗೆದರು, ಟಿಶ್ಯೂ ಹೊಂದಿಕೆ ನೋಡಿದರು, ಕೊಯ್ದರು. ಜೀನಿನ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಇಂದಿಗೂ ಬೆಳಿಗ್ಗೆ ಎದ್ದು ನಡೆದು ಬರುತ್ತೇನೆ.

ನನ್ನ ತಕರಾರು ಇದು. ಇಂದು ಒಂದು ಜೀನ್ ನೋಡುತ್ತೀರಿ, ನಾಳೆ ಹತ್ತು ನೋಡುತ್ತೀರಿ. ಯಾರ ಮೈಯಲ್ಲಿ ಏನೂ ಸಿಗುವುದಿಲ್ಲ ಹೇಳಿ? ಹುಡುಕುತ್ತಾ ಹೋದರೆ ದಾನಿಗಳೇ ಉಳಿಯುವುದಿಲ್ಲ. ಇತ್ತ ರೋಗಿ ಸಾಯುತ್ತಾಳೆ, ಅತ್ತ ಆರೋಗ್ಯವಾಗಿದ್ದ ಹುಡುಗಿ ಕಾಗದವೊಂದನ್ನು ಕೈಯಲ್ಲಿ ಹಿಡಿದು ಇಪ್ಪತ್ತಮೂರಕ್ಕೇ ರೋಗಿಯಾಗುತ್ತಾಳೆ. ಅರಿಯದೆ ಇರುವುದೂ ಒಂದು ಹಕ್ಕು. ಆ ಸೋದರಮಾವನನ್ನು ಎಲ್ಲರೂ ಬಯ್ಯುವ ಮುನ್ನ ಇದನ್ನೂ ಸ್ವಲ್ಪ ಯೋಚಿಸಿ.

ಗೋಲಗುಂಬಜ್ ನೆರಳು

ಮಾಸ್ತರರೇ, ಅರಿಯದಿರುವ ಹಕ್ಕಿಗೂ ಹೊಲದ ಕೆಲಸಕ್ಕೂ ಏನು ಸಂಬಂಧ? ತಂಗಿ ಸಾಯುತ್ತಿರುವಾಗ ಅಡಗಿ ಕೂತವನಿಗೆ ನಮ್ಮಲ್ಲಿ ಬೇರೆ ಹೆಸರಿದೆ.

ನಿರ್ವಾಹಕ

ಇಲ್ಲಿಲ್ಲದ ವ್ಯಕ್ತಿಯನ್ನು ಹೀಗಳೆಯುವುದು ಬೇಡ. ಮುಂದಿನ ಸಲ ಅಳಿಸಲಾಗುತ್ತದೆ.

ಕುಂದಾನಗರಿ ವೈದ್ಯ (ಮೂತ್ರಪಿಂಡ ತಜ್ಞ, ಬೆಳಗಾವಿ)

ಈ ಕುಟುಂಬ ನನ್ನ ರೋಗಿಗಳಲ್ಲ. ಕಾಯಿಲೆಯ ಬಗ್ಗೆ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ; ಚಿಕಿತ್ಸೆಯನ್ನು ಅವರ ವೈದ್ಯರೇ ನಿರ್ಧರಿಸಲಿ.

ಪಾಲಿಸಿಸ್ಟಿಕ್ ಕಾಯಿಲೆಯ ಸಾಮಾನ್ಯ ಬಗೆಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮುಕ್ಕಾಲು ಪಾಲಿಗಿಂತ ಹೆಚ್ಚು ಕುಟುಂಬಗಳಲ್ಲಿ ದೋಷ ಇರುವುದು 16ನೇ ವರ್ಣತಂತುವಿನ ಪಿಕೆಡಿ1 ಜೀನ್‌ನಲ್ಲಿ, ಉಳಿದ ಹಲವರಲ್ಲಿ 4ನೇ ವರ್ಣತಂತುವಿನ ಪಿಕೆಡಿ2ರಲ್ಲಿ. ನಲವತ್ತರ ಆಸುಪಾಸಿನಲ್ಲೇ ಡಯಾಲಿಸಿಸ್‌ಗೆ ಬಂದವರಲ್ಲಿ ಮೊದಲ ಅನುಮಾನ ಪಿಕೆಡಿ1ರ ಮೇಲೆಯೇ.

ಮನೆತನದಲ್ಲಿ ಕಾಯಿಲೆ ಇರುವ 15ರಿಂದ 39 ವರ್ಷದವರಲ್ಲಿ ಎರಡೂ ಕಿಡ್ನಿ ಸೇರಿ ಮೂರು ಗುಳ್ಳೆ ಕಂಡರೆ ಕಾಯಿಲೆ ಇದೆ ಎನ್ನುತ್ತೇವೆ. ನಿಮ್ಮ ಎರಡು ಗುಳ್ಳೆ ಆ ಗೆರೆಯ ಈಚೆಗಿವೆ. ಆದರೆ ಈ ವಯಸ್ಸಿನಲ್ಲಿ ಅದು ‘ಇಲ್ಲ’ ಎನ್ನುವ ಪ್ರಮಾಣಪತ್ರವೂ ಅಲ್ಲ. ನಲವತ್ತು ದಾಟಿದವರ ಲೆಕ್ಕ ಬೇರೆ: ಸ್ಕ್ಯಾನಿಂಗ್‌ನಲ್ಲಿ ಎರಡಕ್ಕಿಂತ ಕಡಿಮೆ ಗುಳ್ಳೆ ಇದ್ದರೆ ಕಾಯಿಲೆ ಇಲ್ಲವೆಂದೇ ಹೇಳಬಹುದು. ಆದ್ದರಿಂದ ನಿಮ್ಮ ಅಪ್ಪನಿಗೆ, ನಿಮ್ಮ ಸೋದರಮಾವನಿಗೆ, ಜೀನ್ ಪರೀಕ್ಷೆಯೇ ಬೇಡ. ಒಂದು ಸಾದಾ ಸ್ಕ್ಯಾನಿಂಗ್ ಸಾಕು. ನಿಮಗಾದರೆ ಜೀನ್ ಪರೀಕ್ಷೆಗೆ ಮೊದಲು ಎಂಆರ್‌ಐ ಕೂಡ ಒಂದು ದಾರಿ. ಅದರಲ್ಲಿ ಒಟ್ಟು ಐದಕ್ಕಿಂತ ಕಡಿಮೆ ಗುಳ್ಳೆ ಕಂಡರೆ ದಾನಿಯಾಗಲು ಅಡ್ಡಿಯಿಲ್ಲ ಎಂದು ಒಪ್ಪುವವರಿದ್ದಾರೆ.

ಇನ್ನು ಆ ಎರಡು ಗೆರೆಯ ವಿಷಯ. ರಕ್ತಸಂಬಂಧದೊಳಗಿನ ಮದುವೆಯನ್ನು ವಂಶವೃಕ್ಷದಲ್ಲಿ ಹಾಗೆ ಗುರುತಿಸುತ್ತಾರೆ. ಕಸಿಯ ಕಡತದಲ್ಲಿ ಗಂಡ ಎಂದರೆ ರಕ್ತಸಂಬಂಧವಿಲ್ಲದ ದಾನಿ. ಆತನಿಗೆ ಹೆಂಡತಿಯ ವಂಶದ ಕಾಯಿಲೆ ಬರುವ ಪ್ರಶ್ನೆಯೇ ಇಲ್ಲವೆಂದು ಪಟ್ಟಿಯಲ್ಲಿ ಗೀಟು ಹಾಕಿ ಮುಂದೆ ಹೋಗುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಹಾಗೆ ಮುಂದೆ ಹೋಗುವಂತಿಲ್ಲ. ಸೋದರಮಾವನೂ ಅಕ್ಕನ ಮಗಳೂ ಸರಾಸರಿ ನಾಲ್ಕನೇ ಒಂದು ಪಾಲು ಜೀನ್‌ಗಳನ್ನು ಹಂಚಿಕೊಂಡಿರುತ್ತಾರೆ. ಅಜ್ಜಿಗೆ ಕಾಯಿಲೆ ಅವರ ತಂದೆ ಅಥವಾ ತಾಯಿಯಿಂದ ಬಂದಿದ್ದರೆ ಅಜ್ಜಿಯ ತಮ್ಮನಿಗೂ ಅದು ಬರುವ ಸಾಧ್ಯತೆ ಅರ್ಧ ಇತ್ತು. ಆ ಸಮಾಲೋಚಕಿ ಹಾಳೆ ಬದಲಿಸಿದ್ದು ಅದಕ್ಕೇ. ಅವರಿಗೆ ಶಹಬ್ಬಾಸ್ ಹೇಳಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು: ನೀವು ರಕ್ತ ಕೊಡುವ ಮೊದಲು ನಿಮ್ಮ ಅವ್ವನ ಪರೀಕ್ಷೆ ಆಗಬೇಕು. ಅವರ ದೋಷ ಯಾವುದೆಂದು ಗೊತ್ತಾಗದೆ ನಿಮ್ಮಲ್ಲಿ ‘ಏನೂ ಸಿಗಲಿಲ್ಲ’ ಎಂದು ಬಂದರೆ ಅದಕ್ಕೆ ಬೆಲೆಯಿಲ್ಲ. ಖಚಿತವಾಗಿ ಕಾಯಿಲೆ ಇರುವವರಲ್ಲೂ ಕೆಲವೊಮ್ಮೆ ದೋಷ ಪತ್ತೆಯಾಗುವುದಿಲ್ಲ. ಪಿಕೆಡಿ1ಕ್ಕೆ ಅದನ್ನೇ ಹೋಲುವ ಆರು ಹುಸಿ ಜೀನ್‌ಗಳು ಅದೇ ವರ್ಣತಂತುವಿನಲ್ಲಿವೆ, ಓದುವುದು ತೊಡಕು.

ಅಥಣಿ ಮಾಸ್ತರ

ಡಾಕ್ಟರ್ ಸಾಹೇಬರೇ, ಹಾಗಾದರೆ ಹುಡುಗಿಯನ್ನು ಮೊದಲು ಪರೀಕ್ಷಿಸಲು ಹೊರಟದ್ದೇ ತಪ್ಪು ಎಂದಾಯಿತಲ್ಲ?

ಕುಂದಾನಗರಿ ವೈದ್ಯ

ಹೊರಟದ್ದು ತಪ್ಪಲ್ಲ ಸರ್, ಕ್ರಮ ತಪ್ಪು.

ಪಿಪೆಟ್ (ಪ್ರಯೋಗಾಲಯ ತಂತ್ರಜ್ಞ)

ಯಾರೂ ಎತ್ತದ ಒಂದು ವಿಷಯ ಎತ್ತುತ್ತೇನೆ. ಜೀನ್ ಪರೀಕ್ಷೆ ಹೊಸದು ಎಂದು ಎಲ್ಲರೂ ಮಾತಾಡುತ್ತಿದ್ದೀರಿ. ಮಾಸ್ತರರು ಹೇಳಿದ ಟಿಶ್ಯೂ ಹೊಂದಿಕೆ, ಅಂದರೆ ಎಚ್‌ಎಲ್‌ಎ ಪರೀಕ್ಷೆ, ಅದೂ ವಂಶವಾಹಿಯದೇ ಪರೀಕ್ಷೆ. ಮಗುವಿಗೆ ಅರ್ಧ ಗುಂಪು ತಾಯಿಯಿಂದ, ಅರ್ಧ ತಂದೆಯಿಂದ ಬಂದಿರಲೇಬೇಕು. ತಂದೆ ಮಗನಿಗೆ ಕೊಡಲು ಬಂದಾಗ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಗುಂಪೂ ಹೊಂದದೆ ಇರುವುದುಂಟು. ಆಗ ಆ ಕೋಣೆಯಲ್ಲಿ ನಮಗೆ ಮಾತ್ರ ಒಂದು ವಿಷಯ ತಿಳಿದಿರುತ್ತದೆ. ಹೊರಗೆ ಬೆಂಚಿನ ಮೇಲೆ ತಂದೆ, ತಾಯಿ, ಮಗ ಮೂವರೂ ಕುಳಿತಿರುತ್ತಾರೆ.

ಕಾನೂನು ಇದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹತ್ತಿರದ ಸಂಬಂಧ ಎಂದು ದಾಖಲೆಗಳಿಂದ ಖಚಿತವಾಗದಿದ್ದರೆ ಡಿಎನ್‌ಎ ಪರೀಕ್ಷೆಯಿಂದ ಸಾಬೀತುಪಡಿಸಲು ಹೇಳಬಹುದು. ಮಾರಾಟ ತಡೆಯಲು ಮಾಡಿದ ನಿಯಮ, ಉದ್ದೇಶ ಒಳ್ಳೆಯದೇ. ಆದರೆ ದಲ್ಲಾಳಿಯನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಒಬ್ಬ ತಾಯಿಯ ಹಳೆಯ ಗುಟ್ಟು ಸಿಕ್ಕಿಬೀಳುತ್ತದೆ.

1954ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಯಶಸ್ವಿ ಕಸಿಯಾದಾಗ ಅವಳಿ ಸಹೋದರರು ನಿಜಕ್ಕೂ ತದ್ರೂಪಿಗಳೇ ಎಂದು ನೋಡಲು ಚರ್ಮದ ತುಂಡನ್ನು ಕಸಿ ಮಾಡಿದ್ದಲ್ಲದೆ ಪೊಲೀಸ್ ಠಾಣೆಗೆ ಕರೆದೊಯ್ದು ಬೆರಳಚ್ಚನ್ನೂ ತೆಗೆಸಿದ್ದರು. ಸಂಬಂಧವನ್ನು ಸಾಬೀತುಮಾಡಿ ಎನ್ನುವ ಬೇಡಿಕೆ ಕಸಿಯಷ್ಟೇ ಹಳೆಯದು.

ನನ್ನ ಅಭಿಪ್ರಾಯ: ಕೇಳದ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಏನು ಮಾಡಬೇಕೆಂದು ರಕ್ತ ತೆಗೆಯುವ ಮೊದಲೇ ದಾನಿಯಿಂದ ಬರೆಸಿಕೊಳ್ಳಬೇಕು. ಆಮೇಲೆ ಕೇಳುವುದು ಕೇಳಿದಂತಲ್ಲ. ‘ನಿಮಗೆ ಇನ್ನೊಂದು ವಿಷಯ ಹೇಳಲೇ’ ಎಂದರೆ ಅರ್ಧ ಹೇಳಿದಂತೆಯೇ ಆಯಿತು.

ಕಪ್ಪುಕೋಟು (ವಕೀಲ, ಬೆಳಗಾವಿ)

ಕಾನೂನಿನ ಭಾಗ ನಾನು ಹೇಳುತ್ತೇನೆ. ಮೂಲ ಕಾಯ್ದೆ 1994ರದು, 2011ರಲ್ಲಿ ತಿದ್ದುಪಡಿಯಾಯಿತು. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ. ತಿದ್ದುಪಡಿಯ ನಂತರ ಅಜ್ಜ, ಅಜ್ಜಿ, ಮೊಮ್ಮಕ್ಕಳು. ಇಷ್ಟೇ ಹತ್ತಿರದ ಸಂಬಂಧಿಗಳು. ಕಾಕಾ, ಸೋದರಮಾವ, ಅಳಿಯ ಇವರು ಯಾರೂ ಈ ಪಟ್ಟಿಯಲ್ಲಿಲ್ಲ. ಈ ಮನೆಯಲ್ಲಿ ಅಪ್ಪ ಅವ್ವನ ಸೋದರಮಾವನಾಗಿ ಕೊಡಲು ಹೋದರೆ ಹೊರಗಿನವನು, ಕಸಿಗೆ ಅನುಮತಿ ಕೊಡುವ ಸಮಿತಿಯ ಮುಂದೆ ನಿಲ್ಲಬೇಕು. ಗಂಡನಾಗಿ ಹೋದರೆ ಒಳಗಿನವನು. ಗಂಡ ಹೆಂಡತಿಗೆ ಬೇರೆಯದೇ ನಮೂನೆ ಇದೆ. ಅದರಲ್ಲಿ ಮದುವೆಯ ಪುರಾವೆ ಕೇಳುತ್ತಾರೆ, ರಕ್ತಸಂಬಂಧ ಕೇಳುವುದಿಲ್ಲ. ಡಾಕ್ಟರ್ ಸಾಹೇಬರು ಹೇಳಿದ ಗೀಟು ಬೀಳುವುದು ಅಲ್ಲಿಯೇ.

‘ಪರೀಕ್ಷೆ ಮಾಡಿಸಿಕೊಳ್ಳಲೇಬೇಕೇ’ ಎಂಬುದಕ್ಕೆ: ದಾನಿಗೆ ಇಂಥ ಕಾಯಿಲೆಯ ಜೀನ್ ಪರೀಕ್ಷೆ ಆಗಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ದಾನಿ ವೈದ್ಯಕೀಯವಾಗಿ ಅರ್ಹ ಎಂದು ವೈದ್ಯರು ಸಹಿ ಹಾಕಬೇಕು ಎನ್ನುತ್ತದೆ. ಹಾಗಾಗಿ ನೀವು ಬೇಡ ಎನ್ನಬಹುದು, ಅವರು ಸಹಿ ಹಾಕುವುದಿಲ್ಲ ಎನ್ನಬಹುದು. ಇಬ್ಬರದೂ ಹಕ್ಕೇ.

ವಿಮೆಯ ವಿಷಯ ಯಾರೂ ಕೇಳಲಿಲ್ಲ, ಕೇಳಬೇಕಿತ್ತು. ಅಮೆರಿಕದಲ್ಲಿ 2008ರಿಂದ ಜೀನ್ ಆಧರಿಸಿ ಆರೋಗ್ಯ ವಿಮೆಯಲ್ಲೂ ನೌಕರಿಯಲ್ಲೂ ತಾರತಮ್ಯ ಮಾಡಬಾರದೆಂಬ ಕಾನೂನು ಇದೆ. ಅಲ್ಲಿಯೂ ಜೀವವಿಮೆ ಅದರ ಹೊರಗೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್ ಹೃದಯದ ವಂಶಪಾರಂಪರ್ಯ ಕಾಯಿಲೆಯವರೊಬ್ಬರ ಪ್ರಕರಣದಲ್ಲಿ ‘ಆನುವಂಶಿಕ ಕಾಯಿಲೆ’ ಎಂಬ ಒಂದೇ ನೆವದಿಂದ ವಿಮೆ ನಿರಾಕರಿಸುವುದು ತಾರತಮ್ಯ ಎಂದಿತು. ಅದು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ತೀರ್ಪು ಇದೆ ಎಂದು ನಂಬಿ ಕೂರುವುದಕ್ಕಿಂತ, ವಿಮೆ ಇಲ್ಲದಿದ್ದರೆ ಪರೀಕ್ಷೆಗೆ ಮೊದಲು ಅದರ ಬಗ್ಗೆ ಯೋಚಿಸಿ. ಅರ್ಜಿಯಲ್ಲಿ ಸುಳ್ಳು ಮಾತ್ರ ಬರೆಯಬೇಡಿ. ಗೊತ್ತಿರುವುದನ್ನು ಮುಚ್ಚಿಟ್ಟರೆ ಹಣ ಬೇಕಾದ ದಿನವೇ ಕಂಪನಿ ಅದನ್ನು ತೆಗೆದು ತೋರಿಸುತ್ತದೆ.

ಇಳಕಲ್ ಸೆರಗು

ನಾನು ಕೊಟ್ಟವಳು. ಮಗನಿಗೆ.

ಅವನಿಗೆ ಹದಿನೈದಕ್ಕೇ ಕಿವಿ ಮಂದವಾಯಿತು, ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಆಲ್ಪೋರ್ಟ್ ಎಂಬ ಕಾಯಿಲೆ. ಎಕ್ಸ್ ವರ್ಣತಂತುವಿನಲ್ಲಿರುವ ದೋಷ, ತಾಯಿಯಿಂದ ಮಗನಿಗೆ ಬರುವಂಥದ್ದು. ನನ್ನ ಮೂತ್ರದಲ್ಲಿಯೂ ಕಣ್ಣಿಗೆ ಕಾಣದಷ್ಟು ರಕ್ತ ಇತ್ತು. ಅಂದರೆ ನಾನೂ ಹೊತ್ತವಳು. ಮೊದಲು ಹೋದ ಆಸ್ಪತ್ರೆಯಲ್ಲಿ ನನ್ನನ್ನು ಕೂರಿಸಿ ಮಾತನಾಡಿಸಲೂ ಇಲ್ಲ. ಹೊರಗಿನ ಮೇಜಿನ ಬಳಿ ನನ್ನ ಗಂಡನಿಗೆ ‘ತಾಯಿಯಿಂದಲೇ ಬಂದಿದೆ, ತಾಯಿಯ ಕಿಡ್ನಿ ಆಗುವುದಿಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕಳುಹಿಸಿದರು. ಆ ದಿನದಿಂದ ಅತ್ತೆಯ ಬಾಯಿಗೆ ನಾನು ಸಿಕ್ಕಿದೆ. ಮಗನಿಗೆ ಕಾಯಿಲೆ ಕೊಟ್ಟವಳು, ಕಿಡ್ನಿ ಕೊಡಲಾರದವಳು.

ಎರಡನೆಯ ಕಡೆ ವೈದ್ಯೆಯೊಬ್ಬರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದು ಬಿಡಿಸಿ ಹೇಳಿದರು. ಬೇರೆ ದಾನಿ ಸಿಕ್ಕಿದರೆ ಅದೇ ಒಳ್ಳೆಯದು, ನಿಮಗೂ ಮುಂದೆ ಕಿಡ್ನಿ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಎಂದರು. ಗಂಡನಿಗೆ ಸಕ್ಕರೆ ಕಾಯಿಲೆ. ಬೇರೆ ಯಾರೂ ಇಲ್ಲ. ಬಿ.ಪಿ. ಸರಿಯಿದೆ, ಮೂತ್ರದಲ್ಲಿ ಪ್ರೋಟೀನ್ ಇಲ್ಲ, ವಯಸ್ಸು ಐವತ್ತು ದಾಟಿದೆ ಎಂಬುದನ್ನೆಲ್ಲ ನೋಡಿ, ಮನೋವೈದ್ಯರಿಂದ ಮಾತನಾಡಿಸಿ ಒಪ್ಪಿದರು. ಎಲ್ಲವನ್ನೂ ತಿಳಿದೇ ಕೊಟ್ಟೆ. ಆ ಪರೀಕ್ಷೆ ನನ್ನನ್ನು ತಡೆಯಲಿಲ್ಲ. ಏನು ಕೊಡುತ್ತಿದ್ದೇನೆ, ಎಷ್ಟು ಕೊಡುತ್ತಿದ್ದೇನೆ ಎಂದು ಲೆಕ್ಕ ತೋರಿಸಿತು. ಮಾಸ್ತರರೇ, ಅರಿಯದೆ ಕೊಟ್ಟಿದ್ದರೆ ನನ್ನ ದಾನ ದೊಡ್ಡದಾಗುತ್ತಿತ್ತೇ?

ಪರೀಕ್ಷೆಯ ಮೇಲೆ ನನಗೆ ಸಿಟ್ಟಿಲ್ಲ. ಆ ಮೇಜಿನ ಮೇಲಿದೆ.

ಅಥಣಿ ಮಾಸ್ತರ

ತಂಗೀ, ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ನೋಡು, ನಿನಗೆ ಐವತ್ತು ದಾಟಿತ್ತು. ಮಕ್ಕಳಾಗಿದ್ದವು. ಮುಧೋಳದ ಹುಡುಗಿಯ ಬಾಳು ಇನ್ನೂ ಮುಂದಿದೆ. ಅವಳಿಗೆ ಈ ಅರಿವಿನಿಂದ ಸಿಗುವುದೇನು?

ಕುಂದಾನಗರಿ ವೈದ್ಯ

ಸಿಗುವುದು ಎರಡನೆಯ ಕಿಡ್ನಿ.

ಸ್ವಲ್ಪ ವಿವರಿಸುತ್ತೇನೆ. ಆರೋಗ್ಯವಂತ ದಾನಿಗೇ ಅಪಾಯ ಸೊನ್ನೆಯಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 15 ವರ್ಷಗಳಲ್ಲಿ ಕಿಡ್ನಿ ಪೂರ್ತಿ ಕೆಟ್ಟವರು ಹತ್ತು ಸಾವಿರ ದಾನಿಗಳಲ್ಲಿ ಸುಮಾರು 31. ಅಷ್ಟೇ ಆರೋಗ್ಯವಾಗಿದ್ದು ಕೊಡದೆ ಉಳಿದವರಲ್ಲಿ ಸುಮಾರು 4. ಎರಡೂ ಸಣ್ಣ ಸಂಖ್ಯೆಗಳೇ, ಮಾಸ್ತರರು ಬೆಳಿಗ್ಗೆ ನಡೆದು ಬರುವುದು ಅದಕ್ಕೇ. ಆದರೆ ಅದು ವಂಶದ ಕಾಯಿಲೆ ಇಲ್ಲವೆಂದು ಆರಿಸಿ ತೆಗೆದವರ ಲೆಕ್ಕ. ಪಿಕೆಡಿ1 ದೋಷವಿರುವ ಇಪ್ಪತ್ತಮೂರರ ಹುಡುಗಿಯ ಒಂದು ಕಿಡ್ನಿ ತೆಗೆದರೆ ಉಳಿದದ್ದೂ ಗುಳ್ಳೆ ತುಂಬುವ ಕಿಡ್ನಿ, ತಾಯಿಗೆ ಹೋದದ್ದೂ ಗುಳ್ಳೆ ತುಂಬುವ ಕಿಡ್ನಿ.

ಇದಕ್ಕಿಂತ ಕೆಟ್ಟ ಉದಾಹರಣೆಗಳಿವೆ. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಕಿಡ್ನಿ ಕೆಡುವ ಏಟಿಪಿಕಲ್ ಎಚ್‌ಯುಎಸ್ ಎಂಬ ಕಾಯಿಲೆಯಲ್ಲಿ ಅದೇ ದೋಷವಿರುವ ಅಣ್ಣನೋ ತಂಗಿಯೋ ಕೊಟ್ಟರೆ ಶಸ್ತ್ರಚಿಕಿತ್ಸೆಯ ನಂತರ ದಾನಿಗೇ ಕಾಯಿಲೆ ಕಾಣಿಸಿಕೊಂಡದ್ದುಂಟು. ಯಕೃತ್ತಿನ ಕಿಣ್ವದ ದೋಷದಿಂದ ಮೈಯಲ್ಲಿ ಆಕ್ಸಲೇಟ್ ಎಂಬ ಕಲ್ಲುಗಟ್ಟುವ ಲವಣ ತುಂಬುವ ಇನ್ನೊಂದು ಕಾಯಿಲೆಯಿದೆ. ಅದನ್ನು ಬರೀ ಕಲ್ಲಿನ ತೊಂದರೆ ಎಂದುಕೊಂಡು ಹೊಸ ಕಿಡ್ನಿ ಹಾಕಿದರೆ ಅದೇ ಆಕ್ಸಲೇಟ್ ಆ ಕಿಡ್ನಿಯನ್ನೂ ಮುಚ್ಚಿಬಿಡುತ್ತದೆ. ತಾಯಿ ಕೊಟ್ಟ ಕಿಡ್ನಿ ಹೀಗೆ ವ್ಯರ್ಥವಾದರೆ ಯಾರಿಗೆ ಏನು ಹೇಳುತ್ತೀರಿ? ಈ ಕೊನೆಯದು ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಕಾಣುವಂಥದ್ದು. ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ನಮ್ಮ ಜಿಲ್ಲೆಗಳಲ್ಲಿ ಮಕ್ಕಳ ಕಿಡ್ನಿ ಕೆಟ್ಟಾಗ ಕಾರಣ ಹುಡುಕದೆ ದಾನಿಯನ್ನು ಹುಡುಕಬಾರದು ಎನ್ನುವವನು ನಾನು.

ಅರಿವಿನಿಂದ ಕಾಯಿಲೆಯವರಿಗೆ ಲಾಭವಿಲ್ಲ ಎನ್ನುವುದೂ ಈಗ ಪೂರ್ತಿ ನಿಜವಲ್ಲ. ಬಿ.ಪಿ.ಯನ್ನು ಮೊದಲಿನಿಂದಲೇ ಹಿಡಿತದಲ್ಲಿಟ್ಟರೆ ಲಾಭವಿದೆ. ಬೇಗ ಬೆಳೆಯುವ ಬಗೆಯ ಕಾಯಿಲೆಯನ್ನು ನಿಧಾನಗೊಳಿಸಲು ಟೋಲ್ವಾಪ್ಟಾನ್ ಎಂಬ ಮಾತ್ರೆ ಇದೆ. ದುಬಾರಿ, ಆದರೆ ಇದೆ.

ಖಾನಾಪುರ ಕಾಡಂಚು

ನಮ್ಮ ತಾಲ್ಲೂಕಿನ ಅಂಚಿನಲ್ಲಿ, ಹಳಿಯಾಳದ ಕಡೆ ಸಿದ್ದಿ ಜನ ಇದ್ದಾರೆ. ಅವರ ಪೂರ್ವಿಕರು ಆಫ್ರಿಕಾದವರು. ಆಫ್ರಿಕಾ ಮೂಲದವರ ಕಿಡ್ನಿಗೆ ಅಪಾಯ ತರುವ ಒಂದು ಜೀನ್ ಇದೆ ಎಂದು ಓದಿದ್ದೆ. ಅವರಲ್ಲಿ ಯಾರಾದರೂ ಕಿಡ್ನಿ ಕೊಡಲು ಬಂದರೆ ಬೇರೆ ಪರೀಕ್ಷೆ ಮಾಡಬೇಕೇ? ಹಾಗೆ ಮಾಡಿದರೆ ಮೊದಲೇ ದೂರ ಇಟ್ಟವರನ್ನು ಇನ್ನಷ್ಟು ದೂರ ಇಟ್ಟಂತಾಗುವುದಿಲ್ಲವೇ?

ಕುಂದಾನಗರಿ ವೈದ್ಯ

ನೀವು ಓದಿದ್ದು ಎಪಿಒಎಲ್1 ಎಂಬ ಜೀನ್. ಅದರ ಕೆಲವು ರೂಪಗಳಿಂದ ಕಿಡ್ನಿಗೆ ಅಪಾಯ ಎಂಬುದು 2010ರಲ್ಲಿ ಬೆಳಕಿಗೆ ಬಂತು. ಆಫ್ರಿಕಾದ ನಿದ್ರಾರೋಗದ ಪರಾವಲಂಬಿಯಿಂದ ಕಾಪಾಡುತ್ತದೆ ಎಂಬ ಕಾರಣಕ್ಕೆ ಪಶ್ಚಿಮ ಆಫ್ರಿಕಾದವರಲ್ಲಿ ಉಳಿದು ಬೆಳೆದ ರೂಪಗಳು ಅವು. ಎರಡು ಪ್ರತಿ ಇದ್ದವರಿಗೆ ಕಿಡ್ನಿ ಅಪಾಯ ಹೆಚ್ಚು, ಆದರೆ ಎರಡು ಪ್ರತಿ ಇದ್ದೂ ಆರೋಗ್ಯವಾಗಿರುವವರೇ ಬಹುಪಾಲು. ಸಹಾರಾದ ದಕ್ಷಿಣದ ಆಫ್ರಿಕಾ ಮೂಲದ ದಾನಿಗಳಿಗೆ ಈ ಪರೀಕ್ಷೆಯನ್ನು ನೀಡಬಹುದು ಎಂದು ಕೆಡಿಗೊ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ‘ನೀಡಬಹುದು’ ಎಂದಿದೆ, ‘ಮಾಡಲೇಬೇಕು’ ಎಂದಿಲ್ಲ. ಸಿದ್ದಿಗಳನ್ನು ಚರ್ಮ, ಕೂದಲು ನೋಡಿ ಪರೀಕ್ಷೆಗೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಕುಟುಂಬದ ಕಥೆಯನ್ನು ಎಲ್ಲ ದಾನಿಗಳಿಗೂ ಒಂದೇ ರೀತಿ ಕೇಳಿ, ಅದರಿಂದ ಹೊರಟರೆ ಆಯಿತು.

ಪಿಪೆಟ್

ಇದಕ್ಕೊಂದು ಬಾಲ. ವರದಿಯಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬರುವುದಿದೆ. ಇಂಥ ಬದಲಾವಣೆಗಳನ್ನು ಹೋಲಿಸಿ ನೋಡುವ ಭಂಡಾರಗಳಲ್ಲಿ ನಮ್ಮವರ ಮಾಹಿತಿ ಬಹುಕಾಲ ತೀರ ಕಡಿಮೆ ಇತ್ತು. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ದತ್ತಾಂಶ ಸಂಶೋಧಕರಿಗೆ ತೆರೆದದ್ದೇ 2025ರಲ್ಲಿ. ಹತ್ತಾರು ಸಾವಿರ ರೂಪಾಯಿ ಕೊಟ್ಟು ಕೈಗೆ ‘ಖಚಿತವಿಲ್ಲ’ ಎಂಬ ಕಾಗದ ಬಂದಾಗ ಜನ ನಮ್ಮ ಮೇಲೆ ರೇಗುತ್ತಾರೆ. ಮೊದಲೇ ಹೇಳಿದ್ದರೆ ರೇಗುವುದಿಲ್ಲ.

ಘಟಪ್ರಭೆಯ ಮಗಳು

ಎಲ್ಲರಿಗೂ ಕೃತಜ್ಞತೆ. ಇಳಕಲ್ ಅಕ್ಕನವರ ಮಾತನ್ನು ಅವ್ವನಿಗೆ ಓದಿ ಹೇಳಿದೆ.

ಇನ್ನೊಂದು ಪ್ರಶ್ನೆ ಉಳಿದಿದೆ, ಕೇಳಲು ಮುಜುಗರ. ನಾನು ಪರೀಕ್ಷೆಗೆ ಹೋದಾಗ ‘ಬೇಡ’ ಅನ್ನಿಸಿದರೆ ಆಸ್ಪತ್ರೆಯವರು ಮನೆಯವರಿಗೆ ‘ಹುಡುಗಿ ವೈದ್ಯಕೀಯವಾಗಿ ಹೊಂದುವುದಿಲ್ಲ’ ಎಂದು ಹೇಳಿಬಿಡುತ್ತಾರಂತೆ. ಅದು ಸುಳ್ಳಲ್ಲವೇ? ಅದರ ಜೊತೆ, ‘ಹೊಂದುವುದಿಲ್ಲ’ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಕಾಯಿಲೆ ಬಂದಿದೆ ಎಂದೇ ತಿಳಿಯುತ್ತಾರೆ.

ವಿಜಯಪುರ ಸಿಸ್ಟರ್

ತಂಗೀ, ಆ ಮಾತು ಎಷ್ಟೋ ಹೆಣ್ಣುಮಕ್ಕಳನ್ನು ಉಳಿಸಿದೆ. ಮಾತು ಬಾರದೆ ಕುಳಿತ ಸೊಸೆಯನ್ನು ಒಳಗೆ ಕರೆದು ಕೇಳಿದರೆ ‘ಬೇಡ ಎಂದು ನೀವೇ ಹೇಳಿ ಅಕ್ಕಾ, ನಾನು ಹೇಳಿದರೆ ಮನೆಗೆ ಹೋಗುವಂತಿಲ್ಲ’ ಎನ್ನುತ್ತಾಳೆ. ಆಗ ವೈದ್ಯರು ‘ಇವರು ದಾನಿಯಾಗಲು ತಕ್ಕವರಲ್ಲ’ ಎಂದಷ್ಟೇ ಹೇಳಿ ಕಾರಣ ಹೇಳುವುದಿಲ್ಲ. ಮನಸ್ಸಿಲ್ಲದವಳು ದಾನಿಯಾಗಲು ತಕ್ಕವಳಲ್ಲ, ಹಾಗಾಗಿ ಅದು ಸುಳ್ಳೂ ಅಲ್ಲ. ಇಲ್ಲದ ರೋಗದ ಹೆಸರು ಹೇಳಿದರೆ ಮಾತ್ರ ಸುಳ್ಳು.

ಆದರೆ ನೀನು ಹೇಳಿದ್ದು ಸರಿ. ಜೀನ್ ಕಾಯಿಲೆ ಇರುವ ಮನೆಯಲ್ಲಿ ಆ ಪರದೆ ತೆಳುವಾಗುತ್ತದೆ. ನಿನಗೆ ಬೇರೆ ದಾರಿ ಬೇಕು.

ಕಪ್ಪುಕೋಟು

ದಾರಿ ಇದೆ. ಪರೀಕ್ಷೆಗೆ ಹೋಗುವ ಮೊದಲೇ ಮನೆಯವರ ಮುಂದೆ ಹೇಳಿಬಿಡಿ: ‘ಫಲಿತಾಂಶ ಏನೇ ಬರಲಿ, ನಾನು ಹೇಳುವುದಿಲ್ಲ, ಕೇಳಬೇಡಿ.’ ಒಳ್ಳೆಯದು ಬಂದರೆ ಕುಣಿದು ಹೇಳಿ, ಕೆಟ್ಟದ್ದು ಬಂದರೆ ಸುಮ್ಮನಾದರೆ ಸುಮ್ಮನಿದ್ದದ್ದೇ ವರದಿಯಾಗುತ್ತದೆ.

ಮದುವೆಯ ವಿಷಯದಲ್ಲಿ ನಿಮ್ಮ ದೊಡ್ಡಪ್ಪ ಲೆಕ್ಕ ತಪ್ಪಿದ್ದಾರೆ. ವರನ ತಂದೆ ನಿಮ್ಮ ಅವ್ವನ ಅಣ್ಣ, ನಿಮ್ಮ ಅಜ್ಜಿಯ ಮಗ. ಅವರಿಗೆ ಈ ಕಾಯಿಲೆ ಬಂದಿರುವ ಸಾಧ್ಯತೆ ಅರ್ಧ ಎಂಬುದು ನಿಮ್ಮ ರಕ್ತ ತೆಗೆಯುವ ಮೊದಲೇ, ನಿಮ್ಮ ಅವ್ವನ ಸ್ಕ್ಯಾನಿಂಗ್ ಆದ ದಿನವೇ ಗೊತ್ತಾಗಿದೆ. ಹುಡುಗಿಯ ವರದಿಯನ್ನು ಬಚ್ಚಿಟ್ಟರೆ ಆ ಮನೆ ಕಾಯಿಲೆಯಿಂದ ದೂರವಾಗುವುದಿಲ್ಲ. ಇಬ್ಬರಲ್ಲೂ ದೋಷವಿದ್ದು ಮದುವೆಯಾದರೆ ಮಕ್ಕಳ ಗತಿ ಏನೆಂದು ಡಾಕ್ಟರ್ ಸಾಹೇಬರು ಹೇಳಲಿ.

ಕುಂದಾನಗರಿ ವೈದ್ಯ

ಇಬ್ಬರಲ್ಲೂ ಇದ್ದರೆ ಮಗುವಿಗೆ ಕನಿಷ್ಠ ಒಂದಾದರೂ ದೋಷದ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಎರಡೂ ಪ್ರತಿ ಬಂದರೆ ಗರ್ಭದಲ್ಲೇ ಹೋಗುವ ಸಂಭವ ಹೆಚ್ಚು. ಮದುವೆಗೆ ಮೊದಲು ಇದನ್ನು ಹೇಳದೆ ಇರುವುದು ನನಗಂತೂ ಸರಿ ಕಾಣುವುದಿಲ್ಲ. ಆದರೆ ಹೇಳಬೇಕಾದವರು ಅವರು, ನಾವಲ್ಲ. ಅವರ ಒಪ್ಪಿಗೆಯಿಲ್ಲದೆ ಆಸ್ಪತ್ರೆ ಬೀಗರಿಗೆ ಫೋನ್ ಮಾಡುವಂತಿಲ್ಲ.

ಕಿಡ್ನಿಗೆ ನೀವೊಬ್ಬರೇ ದಾರಿ ಎಂಬ ಭಾವನೆಯಿಂದ ಮೊದಲು ಹೊರಬನ್ನಿ. ಅಪ್ಪನ ಸ್ಕ್ಯಾನಿಂಗ್ ಸರಿಯಿದ್ದರೆ ಗುಂಪು ಹೊಂದದಿದ್ದರೂ ರಕ್ತದ ಪ್ರತಿಕಾಯಗಳನ್ನು ತಗ್ಗಿಸಿ ಕಸಿ ಮಾಡುವ ಕ್ರಮವಿದೆ, ಖರ್ಚು ಹೆಚ್ಚು. ಇಂಥದೇ ಇನ್ನೊಂದು ಜೋಡಿಯೊಂದಿಗೆ ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಓ ಗುಂಪಿನ ರೋಗಿಗೆ ಅದರಲ್ಲಿ ಜೋಡಿ ಸಿಗುವುದು ಕಷ್ಟ. ಓ ದಾನಿ ಎಲ್ಲ ಗುಂಪಿಗೂ ಹೊಂದುವುದರಿಂದ ಅಂಥವರು ಅದಲುಬದಲಿಗೆ ಬರುವುದೇ ಕಡಿಮೆ. ಮೃತರ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಅವ್ವನ ಹೆಸರು ಈಗಲೇ ನೋಂದಾಯಿಸಿ. ಅಲ್ಲಿ ಕಾಯಬೇಕು. ಕಾಯುವಾಗಲೂ ಡಯಾಲಿಸಿಸ್ ನಡೆಯುತ್ತದೆ, ನಿಮಗೆ ಯೋಚಿಸಲು ಸಮಯ ಸಿಗುತ್ತದೆ.

ಗೋಲಗುಂಬಜ್ ನೆರಳು

ಹುಡುಗಿಗೆ ತಮ್ಮ ತಂಗಿ ಇದ್ದರೆ ಅವರನ್ನೂ ಒಂದೇ ಸಲ ಪರೀಕ್ಷೆ ಮಾಡಿಸಿಬಿಡಬಹುದಲ್ಲ?

ಘಟಪ್ರಭೆಯ ಮಗಳು

ತಮ್ಮ ಇದ್ದಾನೆ, ಹದಿನಾರು ವರ್ಷ. ದೊಡ್ಡಪ್ಪನೂ ಇದನ್ನೇ ಹೇಳುತ್ತಾರೆ. ಅವನು ಗಂಡು, ಅವನ ಮದುವೆ ನಿಲ್ಲುವುದಿಲ್ಲವಂತೆ.

ಕುಂದಾನಗರಿ ವೈದ್ಯ

ಬೇಡ. ಹದಿನೆಂಟು ತುಂಬದವನು ದಾನಿಯಾಗುವ ಪ್ರಶ್ನೆಯಿಲ್ಲ. ಜೀನ್ ಪರೀಕ್ಷೆ ಬೇಕೇ ಎಂದು ದೊಡ್ಡವನಾದ ಮೇಲೆ ಅವನೇ ಹೇಳಲಿ. ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ.

ಘಟಪ್ರಭೆಯ ಮಗಳು

ಕೆಲವು ದಿನಗಳ ನಂತರ ಬರೆಯುತ್ತಿದ್ದೇನೆ. ಅವ್ವನ ರಕ್ತ ಪರೀಕ್ಷೆಗೆ ಹೋಗಿದೆ. ಅಪ್ಪನ ಸ್ಕ್ಯಾನಿಂಗ್ ಆಯಿತು, ಗುಳ್ಳೆ ಇಲ್ಲ. ನನ್ನದನ್ನು ಅವ್ವನ ವರದಿ ಬಂದ ಮೇಲೆ ನೋಡೋಣ ಎಂದಿದ್ದೇನೆ. ಮಾಡಿಸಿದರೆ ವರದಿ ನನ್ನ ಕೈಗೆ ಮಾತ್ರ ಕೊಡಬೇಕೆಂದು, ರಕ್ತಸಂಬಂಧದ ಬಗ್ಗೆ ಬೇರೆ ಏನು ಕಂಡರೂ ನನಗೂ ಹೇಳಬಾರದೆಂದು ಒಪ್ಪಿಗೆ ಪತ್ರದಲ್ಲಿ ಬರೆಸಲು ಕೇಳಿದ್ದೇನೆ. ಸಮಾಲೋಚಕಿ ಒಪ್ಪಿದರು. ನನಗೆ ಅವ್ವನ ವೈದ್ಯರಲ್ಲದೆ ಬೇರೊಬ್ಬ ವೈದ್ಯರನ್ನು ಗೊತ್ತುಮಾಡಿದ್ದಾರೆ.

ಸೋದರಮಾವನ ಮಗನಿಗೆ ನಾನೇ ಫೋನ್ ಮಾಡಿ ಅವ್ವನ ಕಾಯಿಲೆ ಎಂಥದ್ದೆಂದು ಹೇಳಿದೆ. ನನ್ನ ಬಗ್ಗೆ ಏನೂ ಹೇಳಲಿಲ್ಲ, ಹೇಳಲು ಏನೂ ಇರಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಾನು ಎಲ್ಲಿ ಸ್ಕ್ಯಾನಿಂಗ್ ಮಾಡಿಸಲಿ’ ಎಂದು ಕೇಳಿದ. ಏನು ಹೇಳಲಿ?

ಕುಂದಾನಗರಿ ವೈದ್ಯ

ಬಾಗಲಕೋಟೆಯಲ್ಲೇ ಆಗುತ್ತದೆ, ಬೆಳಗಾವಿಗೆ ಬರಬೇಕಾಗಿಲ್ಲ. ಆದರೆ ಮೊದಲು ಅವನ ಅಪ್ಪನದು ಆದರೆ ಒಳ್ಳೆಯದು. ಅಪ್ಪನಿಗೆ ಇಲ್ಲವೆಂದಾದರೆ ಮಗನಿಗೆ ಬೇಕೇ ಇಲ್ಲ.

ಅಥಣಿ ಮಾಸ್ತರ

ಅಪ್ಪ ಒಪ್ಪದೆ ಮಗನೇ ಮಾಡಿಸಿಕೊಂಡು ಅವನಲ್ಲಿ ಕಂಡರೆ, ಅಪ್ಪನಿಗೆ ಇದೆ ಎಂದು ಅಪ್ಪನನ್ನು ಮುಟ್ಟದೆಯೇ ಗೊತ್ತಾಗುತ್ತದಲ್ಲ ಸಾಹೇಬರೇ? ಆಗ ಆ ಅಪ್ಪನ ಹಕ್ಕು ಎಲ್ಲಿ ಹೋಯಿತು?

ಕುಂದಾನಗರಿ ವೈದ್ಯ

ಗೊತ್ತಾಗುತ್ತದೆ ಸರ್. ಅದಕ್ಕೆಂದು ಮಗನನ್ನು ತಡೆಯಲು ನನ್ನಿಂದ ಆಗುವುದಿಲ್ಲ. ಹೋಗುವ ಮೊದಲು ಅಪ್ಪನಿಗೆ ಒಂದು ಮಾತು ಹೇಳಿ ಹೋಗು ಎನ್ನುತ್ತೇನೆ.

ಇಳಕಲ್ ಸೆರಗು

ಮಾಸ್ತರರೇ, ಅಥಣಿಯಿಂದ ಮುಧೋಳ ದೂರವೇನಲ್ಲ. ನೀವು ಕೊಟ್ಟವರು, ಹಿರಿಯರು. ಹುಡುಗಿ ಒಪ್ಪಿದರೆ ಆ ಸೋದರಮಾವನ ಜೊತೆ ಒಮ್ಮೆ ಕುಳಿತು ಮಾತನಾಡಿ ಬನ್ನಿ. ಕೊಡು ಎನ್ನಬೇಡಿ. ಸ್ಕ್ಯಾನಿಂಗ್ ಎಂದರೆ ಏನೆಂದು ಮಾತ್ರ ಹೇಳಿ.

ಅಥಣಿ ಮಾಸ್ತರ

ಹುಡುಗಿ ಒಪ್ಪಲಿ. ಮುಂದಿನ ವಾರ ಬಿಡುವಾಗಿದ್ದೇನೆ.